ಎಲ್ಲ ದೇಶಕ್ಕೂ ಒಂದೇ ಟ್ರಾವೆಲ್ ಅಡಾಪ್ಟರ್: ಎಷ್ಟು ನಂಬಬಹುದು?

ಅಂಗೈಯಲ್ಲಿ ಹಿಡಿಸುವ ಒಂದು ಚೌಕ ಡಬ್ಬಿ. ಪಕ್ಕದಲ್ಲಿ ಮೂರು ಸ್ಲೈಡರ್. ಒಂದನ್ನು ತಳ್ಳಿದರೆ ಅಮೆರಿಕದ ಚಪ್ಪಟೆ ಪಿನ್ ಹೊರಬರುತ್ತದೆ, ಇನ್ನೊಂದಕ್ಕೆ ಯುರೋಪಿನ ದುಂಡು ಪಿನ್, ಮತ್ತೊಂದಕ್ಕೆ ಬ್ರಿಟನ್ನಿನ ಮೂರು ದಪ್ಪ ಪಿನ್. ಮುಖದ ಮೇಲೆ ಹಲವು ದೇಶಗಳ ಪ್ಲಗ್ಗಿಗೆ ಒಗ್ಗುವ ಕಲಸುಮೇಲೋಗರದ ತೂತುಗಳು, ಬುಡದಲ್ಲಿ ನಾಲ್ಕು ಯುಎಸ್‌ಬಿ. ಪೆಟ್ಟಿಗೆಯ ಮೇಲೆ ‘150ಕ್ಕೂ ಹೆಚ್ಚು ದೇಶಗಳಿಗೆ’ ಎಂಬ ಬರಹ. ಯುನಿವರ್ಸಲ್ ಟ್ರಾವೆಲ್ ಅಡಾಪ್ಟರ್ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರುವ ಈ ಡಬ್ಬಿಗಳ ಒಳಗಿನ ರಚನೆ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಇಲ್ಲಿ ಒಂದು ಕಂಪನಿಯ ಮಾಲನ್ನಲ್ಲ, ಈ ಜಾತಿಯನ್ನೇ ವಿಮರ್ಶೆಗೆ ತೆಗೆದುಕೊಂಡಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಫೋನು, ಕ್ಯಾಮೆರಾ, ಎರಡು ಪಿನ್ನಿನ ಲ್ಯಾಪ್‌ಟಾಪ್ ಚಾರ್ಜರ್ ಇಷ್ಟಕ್ಕೇ ಆದರೆ ಕಣ್ಣುಮುಚ್ಚಿ ಕೊಳ್ಳಬಹುದಾದ ವಸ್ತು. ಬಿಸಿ ಮಾಡುವ ಯಾವುದಕ್ಕೂ ಇದು ಬೇಡ: ಕೆಟಲ್, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್. ಮೂರು ಪಿನ್ನಿನ, ಲೋಹದ ಮೈಯ ಉಪಕರಣಗಳಿಗೂ ಬೇಡ. ಬಿಸಿ ಮಾಡುವವು ಡಬ್ಬಿಯ ಮಿತಿ ಮೀರಿ ಕರೆಂಟು ಎಳೆಯುತ್ತವೆ, ಅದನ್ನು ಮುಂದೆ ನೋಡೋಣ. ಮೂರು ಪಿನ್ನಿನವಕ್ಕೆ ಕಾರಣ ಬೇರೆ: ಈ ಡಬ್ಬಿಗಳಲ್ಲಿ ಬಹುಪಾಲಿಗೆ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ, ಇಲ್ಲ. ಮೂರು ಪಿನ್ನಿನ ಪ್ಲಗ್ಗನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಆದರೆ ಮೂರನೆಯ ಪಿನ್ ಹೋಗಿ ಕೂರುವುದು ಖಾಲಿ ತೂತಿನಲ್ಲಿ.

ಇದು ಸಣ್ಣ ದೂರಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ನೋಡೋಣ. ಸ್ಲೈಡರಿನಲ್ಲಿ ಬ್ರಿಟನ್ನಿನ ಪಿನ್ನುಗಳನ್ನು ಹೊರತೆಗೆದು ಉದ್ದನೆಯ ಮೇಲಿನ ಪಿನ್ನನ್ನು ಉಗುರಿನಿಂದ ತಟ್ಟಿ ನೋಡಿ. ಕೆಳಗಿನ ಎರಡು ಹಿತ್ತಾಳೆಯವು, ಮೇಲಿನದು ಹೆಚ್ಚಿನವುಗಳಲ್ಲಿ ಪ್ಲಾಸ್ಟಿಕ್. ಬ್ರಿಟನ್ನಿನ ಬಿಎಸ್ 1363 ಮಾನದಂಡದ ಸಾಕೆಟ್ಟಿನಲ್ಲಿ ಫೇಸ್ (ಕರೆಂಟು ಬರುವ), ನ್ಯೂಟ್ರಲ್ (ಕರೆಂಟು ಹಿಂತಿರುಗುವ) ತೂತುಗಳಿಗೆ ಒಳಗಿನಿಂದ ಶಟರ್ ಎಂಬ ಸರಿಯುವ ಮುಚ್ಚಳ ಇರುತ್ತದೆ. ಸಾಮಾನ್ಯವಾಗಿ ಉದ್ದನೆಯ ಅರ್ತ್ ಪಿನ್ ಮೊದಲು ಹೋಗಿ ಒತ್ತಿದ ಮೇಲೆಯೇ ಆ ಶಟರ್ ಸರಿಯುತ್ತದೆ. ಅಡಾಪ್ಟರಿನ ಪ್ಲಾಸ್ಟಿಕ್ ಪಿನ್ ಮಾಡುವುದು ಆ ಶಟರ್ ಎತ್ತುವ ಕೆಲಸವನ್ನಷ್ಟೇ, ಅದರೊಳಗೆ ತಂತಿಯಿಲ್ಲ. ಯುರೋಪಿನ ಪಿನ್ ಹೊರತೆಗೆದರೆ ಅಲ್ಲಿ ಇರುವುದೇ ಎರಡು. ಜರ್ಮನಿಯ ಸಾಕೆಟ್ಟಿನಲ್ಲಿ ಅರ್ತ್ ಸಿಗುವುದು ಪಕ್ಕದ ಎರಡು ಲೋಹದ ಪಟ್ಟಿಗಳಲ್ಲಿ, ಫ್ರಾನ್ಸಿನ ಸಾಕೆಟ್ಟಿನಲ್ಲಿ ಹೊರಚಾಚಿದ ಪಿನ್ನಿನಲ್ಲಿ. ಡಬ್ಬಿಯ ಎರಡು ದುಂಡು ಪಿನ್ನು ಇವೆರಡನ್ನೂ ಮುಟ್ಟುವುದೇ ಇಲ್ಲ. ಅಮೆರಿಕದ ಕಡೆಗೂ ಎರಡೇ ಚಪ್ಪಟೆ ಪಿನ್.

ಇರುವ ಅಡಾಪ್ಟರಿನಲ್ಲಿ ಅರ್ತ್ ಇದೆಯೋ ಇಲ್ಲವೋ ಪರೀಕ್ಷಿಸಲು ವೋಲ್ಟೇಜ್, ರೆಸಿಸ್ಟೆನ್ಸ್ ಅಳೆಯುವ ಮಲ್ಟಿಮೀಟರ್ ಸಾಕು, ಅದನ್ನು ಬೀಪ್ ಮಾಡುವ ಕಂಟಿನ್ಯುಯಿಟಿ ಗುರುತಿಗೆ ತಿರುಗಿಸಿಡಿ. ಅಡಾಪ್ಟರನ್ನು ಗೋಡೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ. ಮೂರು ಪಿನ್ನಿನ ಯಾವುದಾದರೂ ಪ್ಲಗ್ಗನ್ನು ಅದರೊಳಗೆ ಪೂರ್ತಿ ತೂರಿಸಿ, ಆ ಉಪಕರಣದ ಲೋಹದ ಮೈಗೆ ಒಂದು ಪ್ರೋಬ್ ಇಡಿ. ಇನ್ನೊಂದನ್ನು ಅಡಾಪ್ಟರಿನ ಹೊರಗಿನ ಅರ್ತ್ ಪಿನ್ನಿಗೆ ಅಥವಾ ಪಕ್ಕದ ಲೋಹದ ಪಟ್ಟಿಗೆ ಮುಟ್ಟಿಸಿ. ಒಂದು ಓಮಿಗಿಂತ ಕಡಿಮೆ ತೋರಿಸಬೇಕು. ಮೀಟರ್ ಬೀಪ್ ಮಾಡದಿದ್ದರೆ ಅರ್ತ್ ಇಲ್ಲ. ಹೊರಗೆ ಮುಟ್ಟಿಸುವುದಕ್ಕೇ ಲೋಹ ಕಾಣದಿದ್ದರೆ ಮೀಟರ್ ಬೇಕಾಗಿಯೂ ಇಲ್ಲ.

ಅರ್ತ್ ಇಲ್ಲದಿದ್ದರೆ ಏನಾಗುತ್ತದೆ? ದಿನನಿತ್ಯ ಕಾಣುವುದು ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಬೆರಳಿಗೆ ಬರುವ ಜುಮ್ಮೆನ್ನುವ ಅನುಭವ. ಚಾರ್ಜರಿನೊಳಗೆ ಹೈ ವೋಲ್ಟೇಜ್ ಕಡೆಯಿಂದ ಲೋ ವೋಲ್ಟೇಜ್ ಕಡೆಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ, ರೇಡಿಯೋ ಗದ್ದಲ ತಗ್ಗಿಸಲು. ಅರ್ತ್ ಸಿಕ್ಕರೆ ಅದರ ಸೋರಿಕೆ ಅಲ್ಲಿಗೆ ಇಳಿದುಹೋಗುತ್ತದೆ, ಸಿಗದಿದ್ದರೆ ಲ್ಯಾಪ್‌ಟಾಪಿನ ಮೈ ಸಪ್ಲೈಯ ಅರ್ಧದಷ್ಟು ವೋಲ್ಟೇಜಿಗೆ ಏರಿ ನಿಲ್ಲುತ್ತದೆ. ಹರಿಯುವ ಕರೆಂಟು ಮಿಲಿಆಂಪಿನ ಸಣ್ಣ ಪಾಲು, ಆದ್ದರಿಂದ ಚಾರ್ಜರ್ ಸರಿಯಿದ್ದರೆ ಜೀವಕ್ಕೆ ಅಪಾಯವಿಲ್ಲ. ನಿಜವಾದ ಅಪಾಯ ಇಸ್ತ್ರಿಪೆಟ್ಟಿಗೆ, ಸ್ಟೀಲ್ ಕೆಟಲ್‌ನಂಥವುಗಳದು. ಒಳಗೆ ಫೇಸ್ ವೈರ್ ಸುಲಿದು ಮೈಗೆ ತಾಗಿದರೆ ಅರ್ತ್ ಇದ್ದಾಗ ತಕ್ಷಣ ಫ್ಯೂಸ್ ಹೋಗುತ್ತದೆ ಅಥವಾ ಬ್ರೇಕರ್ ಬೀಳುತ್ತದೆ. ಅರ್ತ್ ಇಲ್ಲದಾಗ ಏನೂ ಆಗದಂತೆ ಕಾಣುತ್ತದೆ, ಮುಟ್ಟಿದವರ ಕೈಯೇ ಅರ್ತ್ ಆಗುತ್ತದೆ. ಉಪಕರಣದ ಲೇಬಲ್ಲಿನಲ್ಲಿ ಚೌಕದೊಳಗೊಂದು ಚೌಕದ ಗುರುತು ಇದ್ದರೆ ಅದು ಡಬಲ್ ಇನ್ಸುಲೇಷನ್ನಿನದು, ಅರ್ತ್ ಬೇಡ. ಆ ಗುರುತಿಲ್ಲದ ಮೂರು ಪಿನ್ನಿನ ಯಾವುದನ್ನೂ ಈ ಡಬ್ಬಿಗೆ ಹಾಕಬೇಡಿ.

ಇನ್ನು ಲೋಡಿನ ಮಾತು. ಹಲವು ಅಡಾಪ್ಟರುಗಳ ಮೇಲೆ ‘6 ಆಂಪ್ಸ್, 100ರಿಂದ 240 ವೋಲ್ಟ್’ ಎಂದು ಬರೆದಿರುತ್ತದೆ. ಕೆಲವು ಪೆಟ್ಟಿಗೆಗಳ ಮೇಲೆ ಇದನ್ನೇ ‘1380 ವಾಟ್’ ಎಂದು ದೊಡ್ಡಕ್ಷರದಲ್ಲಿ ಹಾಕುತ್ತಾರೆ. ಅದು 230 ವೋಲ್ಟಿನ ಲೆಕ್ಕ. 110 ವೋಲ್ಟಿನ ದೇಶದಲ್ಲಿ ಅದೇ 6 ಆಂಪ್ಸ್ ಬರೀ 660 ವಾಟ್. ಡಬ್ಬಿಯ ಯೋಗ್ಯತೆ ಇರುವುದು ಆಂಪ್ಸಿನಲ್ಲಿ, ವಾಟಿನಲ್ಲಿ ಅಲ್ಲ.

2200 ವಾಟಿನ ಕೆಟಲ್ 230 ವೋಲ್ಟಿನಲ್ಲಿ ಸುಮಾರು 9.6 ಆಂಪ್ಸ್ ಎಳೆಯುತ್ತದೆ. ‘ಫ್ಯೂಸ್ ಇದೆಯಲ್ಲ, ಹೆಚ್ಚಾದರೆ ಅದು ಹೋಗುತ್ತದೆ’ ಎಂದು ಧೈರ್ಯ ಮಾಡುವವರುಂಟು. ಹಾಗಾಗುವುದಿಲ್ಲ. ಈ ಡಬ್ಬಿಗಳಲ್ಲಿ ಹಾಕುವ 5×20 ಮಿ.ಮೀ. ಗಾಜಿನ 6.3 ಆಂಪ್ಸ್ ಫ್ಯೂಸ್ ತನ್ನ ರೇಟಿಂಗಿನ ಒಂದೂವರೆ ಪಟ್ಟು ಕರೆಂಟನ್ನು ಒಂದು ಗಂಟೆಯವರೆಗೆ ತಡೆದುಕೊಳ್ಳಲೇಬೇಕು ಎಂಬುದು ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆಯಾದ ಐಇಸಿಯ 60127ರ ನಿಯಮ. ಒಂದೂವರೆ ಪಟ್ಟು ಅಂದರೆ 9.45 ಆಂಪ್ಸ್, ಕೆಟಲ್ ಎಳೆಯುವುದಕ್ಕಿಂತ ಕೊಂಚವೇ ಕಡಿಮೆ. ಕೆಟಲ್ ಕುದಿಯಲು ಬೇಕಾದದ್ದು ನಾಲ್ಕೈದು ನಿಮಿಷ. ಅಷ್ಟರಲ್ಲಿ ಫ್ಯೂಸ್ ಅಲುಗುವುದಿಲ್ಲ, ಆದರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಲು ಶುರುವಾಗಿರುತ್ತದೆ. ಫ್ಯೂಸ್ ಇರುವುದು ಶಾರ್ಟ್ ಆದಾಗ ಕಾಪಾಡಲು, ಸ್ವಲ್ಪ ಹೆಚ್ಚಿನ ಲೋಡನ್ನು ಹಿಡಿಯಲು ಅಲ್ಲ. ಶಾರ್ಟಿಗೂ ಗಾಜಿನ ಫ್ಯೂಸ್ ಅಷ್ಟಕ್ಕಷ್ಟೆ. ಬ್ರಿಟನ್ನಿನ ಪ್ಲಗ್ಗಿನೊಳಗಿನ ಬಿಎಸ್ 1362 ಸೆರಾಮಿಕ್ ಫ್ಯೂಸ್ 6000 ಆಂಪ್ಸ್ ವರೆಗಿನ ಶಾರ್ಟ್ ಕರೆಂಟನ್ನು ಸುರಕ್ಷಿತವಾಗಿ ಕತ್ತರಿಸಬಲ್ಲದು. 6.3 ಆಂಪ್ಸಿನ ಸಾಮಾನ್ಯ ಗಾಜಿನ ಫ್ಯೂಸಿನ ಹೊಣೆ 63 ಆಂಪ್ಸಿಗೆ ಮುಗಿಯುತ್ತದೆ. ಕೊಳ್ಳುವಾಗ ಫ್ಯೂಸಿನ ಮುಚ್ಚಳ ಬಿಚ್ಚಿ ನೋಡಿ: ಒಳಗೆ ಬಿಳಿ ಸೆರಾಮಿಕ್ ಇದ್ದರೆ ತಯಾರಿಸಿದವರು ಯೋಚನೆ ಮಾಡಿದ್ದಾರೆ.

ಒಂದು ಫ್ಯೂಸ್ ಮಾತ್ರ ಇರುವ ಡಬ್ಬಿಯಲ್ಲಿ ಇನ್ನೊಂದು ತೊಡಕಿದೆ. ಯುರೋಪಿನ ಎರಡು ದುಂಡು ಪಿನ್ನನ್ನು ಹೇಗೆ ಬೇಕಾದರೂ ತಿರುಗಿಸಿ ಹಾಕಬಹುದು. ಒಂದು ಬಗೆಯಲ್ಲಿ ಹಾಕಿದರೆ ಫ್ಯೂಸ್ ಫೇಸಿನಲ್ಲಿ, ತಿರುವಿ ಹಾಕಿದರೆ ನ್ಯೂಟ್ರಲ್ಲಿನಲ್ಲಿ. ನ್ಯೂಟ್ರಲ್ ಕಡೆಯ ಫ್ಯೂಸ್ ಹೋದರೆ ಉಪಕರಣ ಸತ್ತಂತೆ ಕಾಣುತ್ತದೆ, ಆದರೆ ಒಳಗೆ ಫೇಸ್ ಜೀವಂತವಾಗಿರುತ್ತದೆ. ಹಾಗಾಗಿ ಕೆಲಸ ನಿಂತರೆ ಮೊದಲು ಅಡಾಪ್ಟರನ್ನು ಗೋಡೆಯಿಂದ ಕಿತ್ತು, ಆಮೇಲೆ ಮುಂದಿನ ತಪಾಸಣೆ.

ಬಿಸಿಯಾಗುವುದು ಎಲ್ಲಿ? ಡಬ್ಬಿ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ಒಂದೇ ದೇಶದ ಪ್ಲಗ್ಗಿನಲ್ಲಿ ಪಿನ್ನಿಗೆ ವೈರನ್ನು ಸ್ಕ್ರೂ ಹಾಕಿ ಬಿಗಿದಿರುತ್ತಾರೆ ಅಥವಾ ಒತ್ತಿ ಕೂರಿಸಿರುತ್ತಾರೆ, ಜೋಡಣೆ ಅಲುಗುವುದಿಲ್ಲ. ಇಲ್ಲಿ ಸ್ಲೈಡರ್ ಜತೆ ಪಿನ್ ಹಿಂದೆ ಮುಂದೆ ಹೋಗುವುದರಿಂದ ಸ್ಪ್ರಿಂಗಿನಂತೆ ಬಾಗಿಸಿದ ತೆಳು ಹಿತ್ತಾಳೆ ಪಟ್ಟಿಯೊಂದು ಪಿನ್ನಿನ ಹಿಂಬದಿಯನ್ನು ಉಜ್ಜುತ್ತಾ ಕರೆಂಟು ದಾಟಿಸಬೇಕು. ಮೇಲಿನ ತೂತುಗಳಲ್ಲೂ ಅದೇ ಕಥೆ. 4 ಮಿ.ಮೀ. ದುಂಡು ಪಿನ್ನು, 1.5 ಮಿ.ಮೀ. ಚಪ್ಪಟೆ ಪಿನ್ನು, ಬ್ರಿಟನ್ನಿನ 4 ಮಿ.ಮೀ. ದಪ್ಪದ ಆಯತಾಕಾರದ ಪಿನ್ನು, ಇಷ್ಟನ್ನೂ ಒಂದೇ ಪಟ್ಟಿ ಹಿಡಿಯಬೇಕು. ದಪ್ಪ ಪಿನ್ನನ್ನು ಒಮ್ಮೆ ತೂರಿಸಿದರೆ ಪಟ್ಟಿ ಅಗಲವಾಗುತ್ತದೆ, ಮುಂದಿನ ಸಲ ತೆಳು ಪಿನ್ ಹಾಕಿದಾಗ ಹಿಡಿತ ಸಡಿಲ. ಲೂಸ್ ಕಾಂಟ್ಯಾಕ್ಟಿನ ಲೆಕ್ಕ ಸರಳ: ಕರೆಂಟನ್ನು ಅದರಿಂದಲೇ ಗುಣಿಸಿ, ರೆಸಿಸ್ಟೆನ್ಸಿನಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಬಿಸಿ. ಜೋಡಣೆಯಲ್ಲಿ 0.1 ಓಮ್ ಇದೆ ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ಎಳೆಯುವ ಅರ್ಧ ಆಂಪಿಗೆ 0.025 ವಾಟ್, ಗೊತ್ತೇ ಆಗುವುದಿಲ್ಲ. 8 ಆಂಪ್ಸಿಗೆ 6.4 ವಾಟ್. ಬೆರಳ ತುದಿಯಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ಗಾಳಿಯಾಡದೆ ಅಷ್ಟು ಬಿಸಿ ಹುಟ್ಟಿದರೆ ಪಟ್ಟಿ ತನ್ನ ಸ್ಪ್ರಿಂಗ್ ಗುಣ ಕಳೆದುಕೊಳ್ಳುತ್ತದೆ, ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ಬಿಸಿ ಇನ್ನಷ್ಟು ಏರುತ್ತದೆ.

ಇದು ಹೊರಗೆ ಕಾಣುವ ಮೊದಲು ಮೂಗಿಗೆ ಬರುತ್ತದೆ. ಸಾಕೆಟ್ಟಿನ ಸುತ್ತ ಕಾರಣವಿಲ್ಲದೆ ಮೀನಿನ ವಾಸನೆ ಬಂದರೆ ಪ್ಲಾಸ್ಟಿಕ್ ಅತಿಯಾಗಿ ಕಾಯುತ್ತಿದೆ ಎಂದೇ ಅರ್ಥ. ಪಿನ್ನಿನ ಬುಡದಲ್ಲಿ ಕಂದು ಬಣ್ಣ, ಹಿತ್ತಾಳೆಯ ಮೇಲೆ ನೀಲಿ ಕಪ್ಪು ಛಾಯೆ ಕಂಡರೂ ಅಷ್ಟೇ. ಒಳಗಿನ ಪಟ್ಟಿ ಒಮ್ಮೆ ಹದ ಕಳೆದುಕೊಂಡರೆ ಒರೆಸಿ ತಿಕ್ಕಿ ಸರಿಮಾಡಲು ಬರುವುದಿಲ್ಲ, ಎಸೆಯಬೇಕು.

ವೋಲ್ಟೇಜಿನ ಬಗ್ಗೆ ಪೆಟ್ಟಿಗೆಗಳು ಕೊಡುವ ಎಚ್ಚರಿಕೆ ಸಣ್ಣಕ್ಷರದಲ್ಲಿ ಇರುತ್ತದೆ: ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಾಯಿಸುತ್ತದೆ, ವೋಲ್ಟೇಜನ್ನಲ್ಲ. ಚಾರ್ಜರಿನ ಲೇಬಲ್ಲಿನಲ್ಲಿ ‘100-240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ಎಲ್ಲಿ ಬೇಕಾದರೂ ನಡೆಯುತ್ತದೆ. ‘120 ವೋಲ್ಟ್’ ಎಂದಷ್ಟೇ ಇರುವ 1875 ವಾಟಿನ ಹೇರ್ ಡ್ರೈಯರನ್ನು 230 ವೋಲ್ಟಿಗೆ ಹಾಕಿದರೆ ಅದರ ಕಾಯಿಲ್ ಸುಮಾರು 30 ಆಂಪ್ಸ್, ಅಂದರೆ 6900 ವಾಟಿನ ಹತ್ತಿರ ಎಳೆಯಲು ಹೋಗುತ್ತದೆ. ಕೆಲವೇ ಕ್ಷಣಗಳಲ್ಲಿ ಹೊಗೆ. ಉಲ್ಟಾ ದಿಕ್ಕಿನಲ್ಲಿ ಅನಾಹುತವಿಲ್ಲ, ನಿರಾಶೆಯಷ್ಟೇ: 230 ವೋಲ್ಟಿನ 2000 ವಾಟ್ ಕೆಟಲ್ 120 ವೋಲ್ಟಿನಲ್ಲಿ 545 ವಾಟಿಗೆ, ಜಪಾನಿನ 100 ವೋಲ್ಟಿನಲ್ಲಿ 380 ವಾಟಿಗೆ ಇಳಿಯುತ್ತದೆ, ನೀರು ಕುದಿಯುವ ಹೊತ್ತಿಗೆ ಸಾಕುಬೇಕಾಗುತ್ತದೆ.

ಪಿನ್ನಿನ ಆಕಾರ ನೋಡಿ ವೋಲ್ಟೇಜ್ ಊಹಿಸುವುದು ಇನ್ನೂ ದೊಡ್ಡ ತಪ್ಪು. ಪ್ಲಗ್ಗು, ಸಾಕೆಟ್ಟುಗಳ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತಾರೆ. ಎರಡು ಚಪ್ಪಟೆ ಸಮಾನಾಂತರ ಪಿನ್ನಿನ ಎ ಟೈಪ್ ಅಮೆರಿಕದಲ್ಲಿ 120 ವೋಲ್ಟ್, ಜಪಾನಿನಲ್ಲಿ 100. ಅದೇ ಆಕಾರದ ಪ್ಲಗ್ಗು ಚೀನಾದಲ್ಲಿ 220 ವೋಲ್ಟಿನ ಸಾಕೆಟ್ಟಿಗೆ ಸಲೀಸಾಗಿ ಹೋಗುತ್ತದೆ. ಫಿಲಿಪ್ಪೀನ್ಸ್, ಥಾಯ್ಲೆಂಡುಗಳಲ್ಲೂ ಹಾಗೆಯೇ. ಅಡಾಪ್ಟರೇ ಬೇಡದೆ ಪ್ಲಗ್ ಕೂರುವ ಇಂಥ ಕಡೆಗಳಲ್ಲೇ 120 ವೋಲ್ಟಿನ ಉಪಕರಣಗಳು ಸುಡುವುದು. ಬ್ರೆಜಿಲ್ಲಿನಲ್ಲಿ ಒಂದೇ ಎನ್ ಟೈಪ್ ಸಾಕೆಟ್ ಕೆಲವೆಡೆ 127 ವೋಲ್ಟ್, ಕೆಲವೆಡೆ 220. ಅಲ್ಲಿ ಕೇಳಿಯೇ ಹಾಕಬೇಕು. ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಇರುವ ಅಮೆರಿಕದ ಎಕ್ಸ್‌ಟೆನ್ಷನ್ ಬೋರ್ಡನ್ನಂತೂ 230 ವೋಲ್ಟಿನ ದೇಶಕ್ಕೆ ಒಯ್ಯಲೇಬಾರದು. ಅದರೊಳಗೆ ಈ ತಡೆಯುವ ಕೆಲಸ ಮಾಡುವ ವೇರಿಸ್ಟರ್ ಎಂಬ ಬಿಡಿಭಾಗ 120 ವೋಲ್ಟಿಗೆ ಆರಿಸಿದ್ದು, ಹಾಕಿದ ಕೂಡಲೇ ಸಿಡಿಯಬಹುದು. ಬೋರ್ಡಿಗೆ ಜೋಡಿಸಿದ ಚಾರ್ಜರುಗಳೆಲ್ಲ 240 ವೋಲ್ಟ್ ತಡೆಯುವಂಥವು ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು.

ಇನ್ನು ಈ ಡಬ್ಬಿ ಗೋಡೆಯಲ್ಲಿ ನಿಲ್ಲುತ್ತದೆಯೇ? ಇಲ್ಲಿ ಒಳ್ಳೆಯ ತಯಾರಿಕೆಗೂ ಕಳಪೆಗೂ ವ್ಯತ್ಯಾಸ ಎದ್ದು ಕಾಣುತ್ತದೆ. ಜರ್ಮನಿ ಮೊದಲಾದ ಕಡೆ ಬಳಸುವ ಎಫ್ ಟೈಪ್ ಸಾಕೆಟ್ ಒಂದು ದುಂಡನೆಯ ಗುಂಡಿ, ಆಳ 17 ಮಿ.ಮೀ.ಗೂ ಸ್ವಲ್ಪ ಹೆಚ್ಚು. ಯುರೋಪ್ಲಗ್ಗಿನ, ಅಂದರೆ ಯುರೋಪಿನ ಎರಡು ದುಂಡು ಪಿನ್ನಿನ ತೆಳು ಪ್ಲಗ್ಗಿನ, ಪಿನ್ನಿನ ಉದ್ದ 19 ಮಿ.ಮೀ. ಡಬ್ಬಿಯ ಚಪ್ಪಟೆ ಮುಖದಿಂದಲೇ ನೇರವಾಗಿ ಪಿನ್ ಹೊರಟಿದ್ದರೆ, ಡಬ್ಬಿ ಗುಂಡಿಯ ಅಂಚಿಗೆ ತಾಗಿ ನಿಲ್ಲುತ್ತದೆ, ಪಿನ್ ತೂತಿನೊಳಗೆ ಇಳಿಯುವುದು ಹೆಚ್ಚೆಂದರೆ 2 ಮಿ.ಮೀ. ಕರೆಂಟೇ ಬರುವುದಿಲ್ಲ, ಇಲ್ಲವೇ ಬಂದು ಹೋಗಿ ಸ್ಪಾರ್ಕ್ ಆಗುತ್ತದೆ. ಹಾಗಾಗಿ ಪಿನ್ನಿನ ಬುಡ ಆರು ಮೂಲೆಯ ಒಂದು ಉಬ್ಬಿನ ಮೇಲೆ ಕೂತಿರಬೇಕು, ಆ ಉಬ್ಬು ಗುಂಡಿಯೊಳಗೆ ಪೂರ್ತಿ ಇಳಿಯಬೇಕು. ಆರು ಮೂಲೆ ಯಾಕೆಂದರೆ ಸ್ವಿಟ್ಜರ್ಲೆಂಡಿನ ಟಿ13 ಸಾಕೆಟ್ಟಿನ ಗುಂಡಿಯೂ ಅದೇ ಆಕಾರದ್ದು, ಫ್ರಾನ್ಸಿನ ಇ ಟೈಪಿನಲ್ಲಿ ಹೊರಚಾಚಿದ ಅರ್ತ್ ಪಿನ್ನಿಗೂ ಅದು ಅಡ್ಡ ಬರುವುದಿಲ್ಲ. ಅಂಗಡಿಯಲ್ಲೇ ಸ್ಲೈಡರ್ ತಳ್ಳಿ ಇದೊಂದನ್ನು ನೋಡಿದರೆ ಯುರೋಪಿನ ಅರ್ಧ ತಲೆನೋವು ತಪ್ಪುತ್ತದೆ.

ಅಮೆರಿಕ, ಜಪಾನಿನ ಸಾಕೆಟ್ಟುಗಳಿಗೆ ಗುಂಡಿಯಿಲ್ಲ, ಎರಡು ತೆಳು ಪಿನ್ನಿನ ಬಲದ ಮೇಲೆಯೇ ಎಲ್ಲ ತೂಗಬೇಕು. ಡಬ್ಬಿಯ ಭಾರ, ಅದರ ಮೂತಿಗೆ ನೇತುಬಿದ್ದ ಲ್ಯಾಪ್‌ಟಾಪ್ ಚಾರ್ಜರಿನ ಭಾರ ಸೇರಿದರೆ ಹಳೆಯ ಸಾಕೆಟ್ಟಿನಿಂದ ಡಬ್ಬಿ ನಿಧಾನಕ್ಕೆ ಮುಂದಕ್ಕೆ ಬಾಗುತ್ತದೆ, ಪಿನ್ನಿನ ಬುಡ ಬೆರಳಿಗೆ ಸಿಗುವಂತೆ ಹೊರಗೆ ಕಾಣುತ್ತದೆ. ಎ ಟೈಪ್ ಪಿನ್ನಿಗೆ ಬುಡದಲ್ಲಿ ಪ್ಲಾಸ್ಟಿಕ್ ಕವಚ ಇರುವುದಿಲ್ಲ, ಆದ್ದರಿಂದ ಅರ್ಧ ಹೊರಬಂದ ಪಿನ್ನಿನಲ್ಲೂ ಕರೆಂಟು ಇರುತ್ತದೆ. ಯುರೋಪ್ಲಗ್ ಮತ್ತು ಇಂದಿನ ಬ್ರಿಟನ್ ಪ್ಲಗ್ಗುಗಳಲ್ಲಿ ಫೇಸ್, ನ್ಯೂಟ್ರಲ್ ಪಿನ್ನುಗಳ ಬುಡಕ್ಕೆ ಕಪ್ಪು ಕವಚ ಇರುವುದು ಇದನ್ನು ತಡೆಯಲೆಂದೇ. ಇಂಥ ಕಡೆ ಚಾರ್ಜರನ್ನು ನೇರವಾಗಿ ಡಬ್ಬಿಗೆ ನೇತುಹಾಕದೆ, ನಿಮ್ಮದೇ ದೇಶದ ಸಣ್ಣ ಎಕ್ಸ್‌ಟೆನ್ಷನ್ ಬೋರ್ಡನ್ನು ಡಬ್ಬಿಗೆ ಹಾಕಿ ಚಾರ್ಜರುಗಳನ್ನು ನೆಲದ ಮೇಲಿಡುವುದು ಉತ್ತಮ. ಒಂದೇ ಅಡಾಪ್ಟರಿನಲ್ಲಿ ನಾಲ್ಕು ಚಾರ್ಜರ್ ನಡೆಯುತ್ತವೆ. ಎಲ್ಲದರ ಒಟ್ಟು ಆಂಪ್ಸ್ ಡಬ್ಬಿಯ ಮಿತಿಯೊಳಗಿರಬೇಕು, ಡಬ್ಬಿಗೆ ಅರ್ತ್ ಇಲ್ಲದಿದ್ದರೆ ಇಡೀ ಬೋರ್ಡಿಗೂ ಅರ್ತ್ ಇಲ್ಲ ಎಂಬುದು ನೆನಪಿರಬೇಕು.

ಆಸ್ಟ್ರೇಲಿಯಾದ ಐ ಟೈಪಿಗೆ ಪ್ರತ್ಯೇಕ ಪಿನ್ ಇಲ್ಲ. ಅಮೆರಿಕದ ಚಪ್ಪಟೆ ಪಿನ್ನುಗಳನ್ನೇ ಹೊರಗೆಳೆದು ಓರೆಯಾಗಿ ತಿರುಗಿಸಬೇಕು. ತಿರುಗುವ ಬುಡದಲ್ಲಿ ಸಡಿಲ ಬರುವುದು ಸಹಜ, ಈ ಡಬ್ಬಿಯ ನಾಲ್ಕು ವೇಷಗಳಲ್ಲಿ ಅತಿ ದುರ್ಬಲ ಇದೇ. ಪಿನ್ ಹಿಡಿದು ಅಲ್ಲಾಡಿಸಿದಾಗ ಗಡಗಡ ಎಂದರೆ ಬೇರೆ ನೋಡಿ.

‘150 ದೇಶ’ ಎಂಬ ಮಾತಿನ ಆಚೆ ಉಳಿಯುವ ದೇಶಗಳು ಯಾವುವು ಎಂಬುದೂ ಮುಖ್ಯ. ಭಾರತ, ನೇಪಾಳಗಳ ಗೋಡೆಗೆ ಹೋಗುವ ಡಿ ಟೈಪ್ ಪಿನ್ನುಗಳು ಈ ಡಬ್ಬಿಯಲ್ಲಿ ಇಲ್ಲ. ಯುರೋಪಿನ 4 ಮಿ.ಮೀ. ಪಿನ್ನನ್ನು 5.1 ಮಿ.ಮೀ. ಪಿನ್ನಿಗೆಂದು ಮಾಡಿದ ತೂತಿಗೆ ತೂರಿಸುವುದನ್ನೇ ಇವರು ‘ಹೊಂದುತ್ತದೆ’ ಎನ್ನುವುದು. ಎರಡೂ ಬಗೆಗೆ ಮಾಡಿದ ಹೊಸ ಸಾಕೆಟ್ಟುಗಳಲ್ಲಿ ಪರವಾಗಿಲ್ಲ, ಹಳೆಯವುಗಳಲ್ಲಿ ಪಿನ್ ಜೋಲಾಡಿ ಚಟಚಟ ಸ್ಪಾರ್ಕ್ ಬರುತ್ತದೆ. ದಕ್ಷಿಣ ಆಫ್ರಿಕಾದ ದಪ್ಪ ಎಂ ಟೈಪಿಗೆ, ಅಂದರೆ 7.1 ಮಿ.ಮೀ. ಪಿನ್ನುಗಳ ನಡುವೆ ಒಂದು ಇಂಚು ಅಂತರ ಇರುವ ಸಾಕೆಟ್ಟಿಗೆ, ಡಬ್ಬಿಯ ಯಾವ ಪಿನ್ನೂ ಹೋಗುವುದಿಲ್ಲ. ಅಲ್ಲಿ ಎನ್ ಟೈಪ್ ಸಾಕೆಟ್ ಸಿಕ್ಕರೆ ಯುರೋಪಿನ ಪಿನ್ ನಡೆಯುತ್ತದೆ. ಇಟಲಿಯ ಎಲ್ ಟೈಪಿನಲ್ಲಿ ಎರಡು ಗಾತ್ರ: 10 ಆಂಪ್ಸಿನದರಲ್ಲಿ ತೂತುಗಳ ಅಂತರ 19 ಮಿ.ಮೀ., ಅದಕ್ಕೆ ಹೋಗುತ್ತದೆ. 16 ಆಂಪ್ಸಿನದರಲ್ಲಿ 26 ಮಿ.ಮೀ., ಹೋಗುವುದಿಲ್ಲ. ಡೆನ್ಮಾರ್ಕಿನಲ್ಲಿ ಜರ್ಮನಿಯ ಮೂರು ತಂತಿಯ ಪ್ಲಗ್ಗೂ ಗಟ್ಟಿಯಾಗಿ ಕೂರುತ್ತದೆ, ಉಪಕರಣವೂ ಓಡುತ್ತದೆ, ಆದರೆ ಅಲ್ಲಿನ ಕೆ ಟೈಪ್ ಸಾಕೆಟ್ಟಿನ ಅರ್ತ್ ಇರುವುದು ಅರ್ಧಚಂದ್ರದಂಥ ತೂತಿನಲ್ಲಿ, ಪಕ್ಕದ ಪಟ್ಟಿಯಲ್ಲಲ್ಲ. ಕೂತಿತು ಎಂದರೆ ಅರ್ತ್ ಸಿಕ್ಕಿತು ಎಂದಲ್ಲ. ಅರ್ಜೆಂಟೀನಾದ ಸಾಕೆಟ್ ಆಸ್ಟ್ರೇಲಿಯಾದಂತೆಯೇ ಕಂಡರೂ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲು. ಚಾರ್ಜರಿಗೆ ತೊಂದರೆಯಿಲ್ಲ, ಒಂದೇ ಕಡೆ ಕತ್ತರಿಸುವ ಸ್ವಿಚ್ ಇರುವ ಟೇಬಲ್ ಲ್ಯಾಂಪಿನಂಥವುಗಳಲ್ಲಿ ಸ್ವಿಚ್ ಆಫ್ ಆದರೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಇಡೀ ಜಗತ್ತಿಗೆ ಒಂದೇ ಪ್ಲಗ್ ಇರಲಿ ಎಂದು 1986ರಲ್ಲಿ ಐಇಸಿ 60906-1 ಎಂಬ ಮಾನದಂಡ ಬಂದಿತ್ತು. ಅದನ್ನು ಕೈಗೆತ್ತಿಕೊಂಡ ದೊಡ್ಡ ದೇಶಗಳು ಬ್ರೆಜಿಲ್ ಮತ್ತು ದಕ್ಷಿಣ ಆಫ್ರಿಕಾ ಮಾತ್ರ. ಈ ಡಬ್ಬಿಗೆ ಬೇಡಿಕೆ ಉಳಿದಿರುವುದು ಅದರಿಂದಲೇ.

ಯುಎಸ್‌ಬಿ ಭಾಗ ಈ ಡಬ್ಬಿಗಳ ನಿಜವಾದ ಬಲ. ಒಳಗಿನ ಸರ್ಕ್ಯೂಟ್ 100ರಿಂದ 240 ವೋಲ್ಟಿಗೆ ತಾನೇ ಹೊಂದಿಕೊಳ್ಳುತ್ತದೆ, ಕರೆಂಟೂ ಕಡಿಮೆ, ಅರ್ತ್ ಪ್ರಶ್ನೆಯೂ ಇಲ್ಲ. ಆದರೆ ‘65 ವಾಟ್’ ಎಂಬುದು ಒಂದು ಪೋರ್ಟ್ ಮಾತ್ರ ಬಳಸಿದಾಗಿನ ಮಾತು. ಎರಡನೆಯ ವಸ್ತು ಸಿಕ್ಕಿಸಿದರೆ ಹೆಚ್ಚಿನವು 45 ಮತ್ತು 20 ಎಂದು ಹಂಚುತ್ತವೆ. ಹಳೆಯ ಚಪ್ಪಟೆ ಯುಎಸ್‌ಬಿ ಪೋರ್ಟುಗಳು ಎಷ್ಟೇ ಇದ್ದರೂ ಎಲ್ಲ ಸೇರಿ 5 ವೋಲ್ಟ್, 3 ಆಂಪ್ಸ್, ಅಂದರೆ 15 ವಾಟ್ ಹಂಚಿಕೊಳ್ಳುವುದೇ ಸಾಮಾನ್ಯ. ಹಂಚಿಕೆ ಬದಲಾಗುವ ಕ್ಷಣದಲ್ಲಿ ಹಲವು ಡಬ್ಬಿಗಳಲ್ಲಿ ಎಲ್ಲ ಪೋರ್ಟುಗಳಿಗೂ ಒಂದು ಗಳಿಗೆ ಕರೆಂಟು ಹೋಗಿ ಬರುತ್ತದೆ. ಫೋನಿಗೆ ಅದು ಲೆಕ್ಕಕ್ಕಿಲ್ಲ, ಬ್ಯಾಟರಿಯಿಲ್ಲದ ವೈಫೈ ರೂಟರನ್ನೋ ಹಾರ್ಡ್ ಡಿಸ್ಕನ್ನೋ ಸಿಕ್ಕಿಸಿದ್ದರೆ ಅದು ಆಫ್ ಆಗಿ ಮತ್ತೆ ಶುರುವಾಗುತ್ತದೆ. 65 ವಾಟ್ ಅಂದರೆ 20 ವೋಲ್ಟಿನಲ್ಲಿ 3.25 ಆಂಪ್ಸ್. ಎರಡೂ ತುದಿಗೆ ಯುಎಸ್‌ಬಿ-ಸಿ ಇರುವ ಸಾಮಾನ್ಯ ಸಿ-ಟು-ಸಿ ಕೇಬಲ್ಲಿನ ಮಿತಿ 3 ಆಂಪ್ಸ್. 5 ಆಂಪ್ಸಿನ ಚಿಪ್ ಇರುವ ಕೇಬಲ್ ಹಾಕದಿದ್ದರೆ 60 ವಾಟಿನ ಮೇಲೆ ಸಿಗುವುದಿಲ್ಲ, ಚಾರ್ಜರನ್ನು ಬೈದು ಪ್ರಯೋಜನವಿಲ್ಲ.

ಇದಕ್ಕೆ ಬದಲು ಏನು ಕೊಳ್ಳಬಹುದು? ಮೂರು ದಾರಿಗಳಿವೆ, ನಮ್ಮ ಒಲವು ಮೊದಲನೆಯದರ ಕಡೆಗೆ. ಲ್ಯಾಪ್‌ಟಾಪ್, ಪ್ರಾಜೆಕ್ಟರ್, ಆಮ್ಲಜನಕ ಯಂತ್ರ, ಮಾನಿಟರ್ ಇಂಥವುಗಳ ಹಿಂಬದಿ ನೋಡಿ. ವೈರ್ ಕಳಚಿ ಬರುವಂತಿದ್ದರೆ ಅಡಾಪ್ಟರೇ ಬೇಡ, ಹೋಗುವ ದೇಶದ ಪ್ಲಗ್ ಇರುವ ವೈರನ್ನೇ ಕೊಳ್ಳಿ. ಉಪಕರಣದ ಕಡೆಯ ತುದಿ ಜಗತ್ತಿನೆಲ್ಲೆಡೆ ಒಂದೇ, ಐಇಸಿ 60320ರ ಅಳತೆಯದು. ಕನ್ನಡಕದ ಆಕಾರದ ಎರಡು ತೂತಿನದು ಸಿ7, ಮೂರು ಎಸಳಿನ ಹೂವಿನಂಥದು ಸಿ5, ಕಂಪ್ಯೂಟರಿಗೆ ಬರುವ ದೊಡ್ಡ ಮೂರು ಪಿನ್ನಿನದು ಸಿ13. ಮೊದಲೆರಡು 2.5 ಆಂಪ್ಸಿಗೆ, ಸಿ13 10 ಆಂಪ್ಸಿಗೆ. ಸಿ5 ಮತ್ತು ಸಿ13 ವೈರುಗಳಲ್ಲಿ ಅರ್ತ್ ಗೋಡೆಯಿಂದ ಉಪಕರಣದವರೆಗೆ ನೇರ ಬರುತ್ತದೆ, ನಡುವೆ ಉಜ್ಜುವ ಪಟ್ಟಿಯಿಲ್ಲ, ತೂಗುವ ಭಾರವಿಲ್ಲ. ವೋಲ್ಟೇಜ್ ಒಂದನ್ನು ಲೇಬಲ್ಲಿನಲ್ಲಿ ನೋಡಿಕೊಂಡರೆ ಸಾಕು.

ಎರಡನೆಯದು ಒಂದೇ ದೇಶದ ಅರ್ತ್ ಇರುವ ಗಟ್ಟಿ ಅಡಾಪ್ಟರ್. ಚಲಿಸುವ ಭಾಗ ಇಲ್ಲದ್ದರಿಂದ ಇವು 10, 13, 16 ಆಂಪ್ಸ್ ಸಲೀಸಾಗಿ ತಡೆಯುತ್ತವೆ. ಯುರೋಪಿಗೆ ಕೊಳ್ಳುವಾಗ ಪಕ್ಕದಲ್ಲಿ ಲೋಹದ ಪಟ್ಟಿ, ಜತೆಗೆ ಮುಖದಲ್ಲೊಂದು ತೂತು, ಎರಡೂ ಇರುವುದನ್ನು ಆರಿಸಿ. ಅದನ್ನು ಸಿಇಇ 7/7 ಎನ್ನುತ್ತಾರೆ, ಜರ್ಮನಿಯ ಸಾಕೆಟ್ಟಿನಲ್ಲಿ ಪಟ್ಟಿಯಿಂದ, ಫ್ರಾನ್ಸಿನ ಸಾಕೆಟ್ಟಿನಲ್ಲಿ ತೂತಿನಿಂದ ಅರ್ತ್ ಹಿಡಿಯುತ್ತದೆ. ಆದರೆ ಅದು ಸ್ವಿಟ್ಜರ್ಲೆಂಡಿನ ಗುಂಡಿಗೆ ಇಳಿಯುವುದಿಲ್ಲ, ಇಟಲಿಯ ಸಾದಾ ಎಲ್ ಟೈಪಿಗೂ ಹೋಗುವುದಿಲ್ಲ. ಮೂರನೆಯದು ತಲೆಗಳನ್ನು ಕಳಚಿ ಬದಲಿಸುವ ಸೆಟ್. ಅರ್ತ್ ಇರುವ ತಲೆಗಳೊಂದಿಗೆ ಬಂದರೆ ಚೌಕ ಡಬ್ಬಿಗಿಂತ ಬಹಳ ಮೇಲು, ಎಂಟ್ಹತ್ತು ತುಂಡುಗಳಲ್ಲಿ ಬೇಕಾದದ್ದೇ ಕಳೆದುಹೋಗುವುದು ಅದರ ತೊಂದರೆ. ಸಾವಿರಾರು ವಾಟ್ ಎಂದು ಬರೆದುಕೊಂಡಿರುವ ಹಗುರ ವೋಲ್ಟೇಜ್ ಕನ್ವರ್ಟರುಗಳನ್ನು ಮಾತ್ರ ಮುಟ್ಟಬೇಡಿ. ಅವು ಅಲೆಯನ್ನು ಕತ್ತರಿಸಿ ಸರಾಸರಿ ಇಳಿಸುತ್ತವೆ, ಸಾದಾ ಕಾಯಿಲಿಗೆ ನಡೆಯಬಹುದು, ಎಲೆಕ್ಟ್ರಾನಿಕ್ಸ್ ಇರುವುದು ಹಾಳಾಗುತ್ತದೆ. ಆ ವಾಟಿನ ನಿಜವಾದ ಟ್ರಾನ್ಸ್‌ಫಾರ್ಮರ್ ಒಂದು ಕೈಯಲ್ಲಿ ಎತ್ತಲಾಗದಷ್ಟು ಭಾರ ಇರುತ್ತದೆ.

ಇಷ್ಟಾದ ಮೇಲೂ ಚೌಕ ಡಬ್ಬಿಯೇ ಬೇಕೆಂದರೆ, ಅನೇಕರಿಗೆ ಅದೇ ಅನುಕೂಲ ಕೂಡ, ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆಗಳಿವೆ. ಒಂದು ಸ್ಲೈಡರ್ ಹೊರಗಿರುವಾಗ ಇನ್ನೊಂದನ್ನು ತಳ್ಳಿ ನೋಡಿ. ಹೊರಬರಬಾರದು. ಬಂದರೆ ಆ ಮಾಲು ಅಪಾಯಕಾರಿ: ಎಲ್ಲ ದೇಶಗಳ ಪಿನ್ನುಗಳೂ ಒಳಗೆ ಅದೇ ಜೋಡಿ ಪಟ್ಟಿಗಳಿಗೆ ಸೇರಿರುವುದರಿಂದ ಗೋಡೆಗೆ ಹೋಗದ ಪಿನ್ನಿನಲ್ಲೂ 230 ವೋಲ್ಟ್ ಇರುತ್ತದೆ, ಅದು ಕೈಗೆ ಸಿಗುವಂತೆ ಚಾಚಿಕೊಂಡಿರುತ್ತದೆ. ಆಮೇಲೆ ಹೊರಬಂದ ಪಿನ್ನನ್ನು ಹೆಬ್ಬೆರಳಿನಿಂದ ಒಳಗೆ ಒತ್ತಿ, ಲಾಕ್ ಬಟನ್ ಮುಟ್ಟದೆ. ಹಿಂದೆ ಸರಿದರೆ ಗೋಡೆಗೆ ಹಾಕುವಾಗಲೂ ಸರಿಯುತ್ತದೆ. ಮುಖದ ಒಂದು ತೂತಿಗೆ ಮಾತ್ರ ಪ್ಲಗ್ಗಿನ ಒಂದು ಪಿನ್ ತೂರಿಸಲು ಪ್ರಯತ್ನಿಸಿ. ಶಟರ್ ಎರಡೂ ಪಿನ್ ಒಟ್ಟಿಗೆ ಒತ್ತಿದಾಗ ಮಾತ್ರ ತೆರೆಯಬೇಕು, ಇಲ್ಲವಾದರೆ ಹೊರಗುಳಿದ ಪಿನ್ನಿನಲ್ಲಿ ಉಪಕರಣದ ಮೂಲಕ ಕರೆಂಟು ಬರುತ್ತದೆ. ಪ್ಲಗ್ ಹಾಕಿ ಡಬ್ಬಿಯನ್ನು ತಲೆಕೆಳಗೆ ಹಿಡಿಯಿರಿ, ಪ್ಲಗ್ ತಾನಾಗಿ ಜಾರಿ ಬೀಳಬಾರದು. ಲೇಬಲ್ಲಿನಲ್ಲಿ ಬಿಎಸ್ 8546 ಎಂದಿದ್ದರೆ ಒಳ್ಳೆಯ ಲಕ್ಷಣ. ಬ್ರಿಟನ್ನಿನ ಸಾಕೆಟ್ಟಿಗೆ ಹೊಂದುವ ಟ್ರಾವೆಲ್ ಅಡಾಪ್ಟರುಗಳಿಗೆಂದೇ ಮಾಡಿದ ಮಾನದಂಡ ಅದು. ‘ಆಂಪ್ಸ್’ ಎಂಬ ಅಂಕಿಯೇ ಇಲ್ಲದ, ಬರೀ ದೇಶಗಳ ಬಾವುಟ ಅಚ್ಚು ಹಾಕಿದ ಡಬ್ಬಿಯನ್ನು ಅಲ್ಲೇ ಬಿಡಿ.

ಬಳಸುವಾಗ ಮೊದಲು ಉಪಕರಣದ ಪ್ಲಗ್ಗನ್ನು ಡಬ್ಬಿಗೆ ಪೂರ್ತಿ ಕೂರಿಸಿ, ಆಮೇಲೆ ಡಬ್ಬಿಯನ್ನು ಗೋಡೆಗೆ ಹಾಕಿ. ತೆಗೆಯುವಾಗ ಉಲ್ಟಾ, ಮೊದಲು ಡಬ್ಬಿಯನ್ನು ಗೋಡೆಯಿಂದ ಕೀಳಬೇಕು. ಯುರೋಪಿನ ಎರಡು ಪಿನ್ನಿನ ಪ್ಲಗ್ಗನ್ನು ಬ್ರಿಟನ್ನಿನ ಸಾಕೆಟ್ಟಿಗೆ ಪೆನ್ನಿನ ತುದಿಯಿಂದ ಶಟರ್ ಎತ್ತಿ ತುರುಕುವ ಪದ್ಧತಿ ಹಲವರಲ್ಲಿದೆ, ಅದನ್ನು ಮಾಡಲೇಬೇಡಿ. ಸಾಕೆಟ್ಟಿನ ಶಟರ್ ಹಾಳಾಗಿ, ಮುಂದೆ ಆ ಕೋಣೆಗೆ ಬರುವ ಮಗುವಿನ ಬೆರಳಿಗೋ ಕೈಯಲ್ಲಿನ ಕಡ್ಡಿಗೋ ಫೇಸ್ ತೂತು ತೆರೆದೇ ಉಳಿಯುತ್ತದೆ. ಮೊದಲ ಸಲ ಬಳಸುವಾಗ ಹದಿನೈದು ನಿಮಿಷದ ನಂತರ ಡಬ್ಬಿಯ ಮೈ ಮುಟ್ಟಿ ನೋಡಿ. ಯುಎಸ್‌ಬಿ ಕೆಲಸ ಮಾಡುತ್ತಿದ್ದರೆ ಬೆಚ್ಚಗಿರುವುದು ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಅಥವಾ ಯುಎಸ್‌ಬಿಗೆ ಏನೂ ಸಿಕ್ಕಿಸದೆ ಪಿನ್ನಿನ ಕಡೆ ಮಾತ್ರ ಬಿಸಿಯಿದ್ದರೆ ಕಾಂಟ್ಯಾಕ್ಟ್ ಸಡಿಲವಾಗಿದೆ, ಆ ಡಬ್ಬಿಯನ್ನು ಅಂದೇ ಬಳಕೆಯಿಂದ ತೆಗೆಯಿರಿ.